ಫ್ರಾಂಕ್ ರಾಬಿನ್ಸ್ ಚಿತ್ರಗಳಲ್ಲಿ ಮೆಚ್ಚುವಂಥದ್ದು ಏನಿದೆ?

ಪ್ರಶ್ನೆ: ಅಮೆರಿಕದ ಸೂಪರ್‌ಹೀರೊ ಕಾಮಿಕ್ ‘ಕ್ಯಾಪ್ಟನ್ ಅಮೆರಿಕ’ದ 1975ರ ಸಂಚಿಕೆಗಳಲ್ಲಿ ಫ್ರಾಂಕ್ ರಾಬಿನ್ಸ್ ಬರೆದ ಚಿತ್ರಗಳನ್ನು ನೋಡಿದೆ. ಕೈಕಾಲು ರಬ್ಬರಿನಂತೆ ತಿರುಚಿಕೊಂಡಿವೆ, ಬೆರಳುಗಳು ಸೆಟೆದು ನಿಂತಿವೆ, ಸುಮ್ಮನೆ ಮಾತಾಡುವವನೂ ಕಿರುಚುತ್ತಿರುವಂತೆ ಕಾಣುತ್ತಾನೆ. ಆದರೂ ಇವರನ್ನು ದೊಡ್ಡ ಕಲಾವಿದ ಎನ್ನುವವರಿದ್ದಾರೆ. ನನಗೆ ಕಾಣದ್ದು ಅವರಿಗೆ ಏನು ಕಂಡಿದೆ?

ಉತ್ತರ: ಅವರಿಗೆ ಕಂಡಿರುವುದು ಕಪ್ಪು. ರಾಬಿನ್ಸ್ ಪುಟ ತೆರೆದಾಗ ಮುಖ, ಕೈಕಾಲುಗಳನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಶಾಯಿ ಎಲ್ಲೆಲ್ಲಿ ಗಟ್ಟಿಯಾಗಿ ಕೂತಿದೆ ಎಂದು ನೋಡಿ. ಪುಟವನ್ನು ಫೋನಿನಲ್ಲಿ ಕಪ್ಪು ಬಿಳುಪಿಗೆ ಬದಲಿಸಿ, ಒಂದು ತೋಳಿನಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ. ಮಾತಿನ ಬಲೂನುಗಳನ್ನು ಬೆರಳಿನಿಂದ ಮುಚ್ಚಿ. ಆಗಲೂ ಯಾರು ಎಲ್ಲಿದ್ದಾರೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಏಟು ಎತ್ತಣಿಂದ ಎತ್ತ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಅಚ್ಚುಕಟ್ಟಾದ ದೇಹ ಬರೆಯುವ ಎಷ್ಟೋ ಕಲಾವಿದರ ಪುಟ ಈ ಪರೀಕ್ಷೆಯಲ್ಲಿ ಬರೀ ಬೂದು ಮುದ್ದೆಯಾಗಿಬಿಡುತ್ತದೆ.

ಈ ಕಪ್ಪಿಗೆ ಒಂದು ಮನೆತನವಿದೆ. 1930ರ ದಶಕದಲ್ಲಿ ನೋಯೆಲ್ ಸಿಕಲ್ಸ್ ದಿನಪತ್ರಿಕೆಗಳಿಗೆ ‘ಸ್ಕಾರ್ಚಿ ಸ್ಮಿತ್’ ಎಂಬ ಸ್ಟ್ರಿಪ್ (ಕೆಲವೇ ಚೌಕಗಳ ಚಿತ್ರಕತೆ) ಬರೆಯುತ್ತಿದ್ದಾಗ, ಹೊರಗೆರೆ ಎಳೆದು ಒಳಗೆ ತುಂಬುವ ಪದ್ಧತಿಯನ್ನು ಬಿಟ್ಟು, ನೆರಳನ್ನೇ ಕುಂಚದಿಂದ ಹಾಕಿ ಆಕಾರ ಹುಟ್ಟಿಸುವ ದಾರಿ ಹಿಡಿದರು. ಅವರ ಗೆಳೆಯ ಮಿಲ್ಟನ್ ಕ್ಯಾನಿಫ್ ಅದನ್ನು ‘ಟೆರ್ರಿ ಅಂಡ್ ದ ಪೈರೇಟ್ಸ್’ನಲ್ಲಿ ಬಳಸಿ ಹೆಸರಾದರು. 1917ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ರಾಬಿನ್ಸ್ 1939ರಲ್ಲಿ ಅದೇ ‘ಸ್ಕಾರ್ಚಿ ಸ್ಮಿತ್’ ಬರೆಯಲು ಬಂದರು. 1944ರ ಜೂನ್ 5ರಂದು, ನಾರ್ಮಂಡಿ ದಾಳಿಯ ಹಿಂದಿನ ದಿನ, ಅವರದೇ ವಿಮಾನ ಸಾಹಸದ ಸ್ಟ್ರಿಪ್ ‘ಜಾನಿ ಹಜಾರ್ಡ್’ ಶುರುವಾಯಿತು. ಅದು ನಿಂತದ್ದು 1977ರಲ್ಲಿ. ಅಂದರೆ ನೀವು ನೋಡಿದ ಪುಟಗಳನ್ನು ಬರೆಯುವಾಗ ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ಪತ್ರಿಕೆಗೆ ದುಡಿದ ಕೈ, ಆ ದುಡಿಮೆ ಇನ್ನೂ ನಡೆಯುತ್ತಲೇ ಇತ್ತು.

ಪತ್ರಿಕೆಯ ದೈನಿಕ ಸ್ಟ್ರಿಪ್ ಎಂದರೆ ಮೂರು ನಾಲ್ಕು ಪುಟ್ಟ ಚೌಕ, ಅಗ್ಗದ ಕಾಗದ, ಹೀರಿಕೊಂಡು ಹರಡುವ ಶಾಯಿ. ಕೂದಲೆಳೆಯ ಗೆರೆ ಅಲ್ಲಿ ಮುರಿದುಹೋಗುತ್ತದೆ, ಒತ್ತೊತ್ತಾದ ಗೀಟುಗಳು ಕಲಸಿಹೋಗುತ್ತವೆ. ದಪ್ಪ ಕಪ್ಪು ಮಾತ್ರ ಉಳಿಯುತ್ತದೆ. ಓದುಗ ಕಾಫಿ ಕುಡಿಯುತ್ತ ಆ ಸ್ಟ್ರಿಪ್ಪಿಗೆ ಕೊಡುವುದು ಕೆಲವೇ ಕ್ಷಣ. ಅಷ್ಟರಲ್ಲಿ ದೇಹದ ಭಂಗಿಯೇ ಕತೆ ಹೇಳಬೇಕು. ಹಾಗಾಗಿ ಸಿಟ್ಟಾದವನ ಬೆನ್ನು ಬಿಲ್ಲಾಗುತ್ತದೆ, ಬೆಚ್ಚಿದವನ ಹತ್ತೂ ಬೆರಳು ಬಿಚ್ಚಿಕೊಳ್ಳುತ್ತವೆ. ನಿಮಗೆ ಕಿರಿಕಿರಿಯಾದ ತಿರುಚುವಿಕೆ ಇಲ್ಲಿಂದ ಬಂದದ್ದು. ಯಕ್ಷಗಾನದ ವೇಷಧಾರಿ ದೂರದ ಪ್ರೇಕ್ಷಕನಿಗೂ ಮುಟ್ಟುವಂತೆ ಕಣ್ಣರಳಿಸುವ ಹಾಗೆ.

ಹಾಗಿದ್ದರೆ ‘ಕ್ಯಾಪ್ಟನ್ ಅಮೆರಿಕ’ದಲ್ಲಿ ಅದು ಯಾಕೆ ಅಷ್ಟು ಒಗ್ಗದಂತೆ ಕಾಣುತ್ತದೆ? ಮುಖ್ಯ ಕಾರಣ ಬಟ್ಟೆ. ಕ್ಯಾನಿಫ್ ಪಂಥದವರು ಮನುಷ್ಯನನ್ನು ಬಟ್ಟೆಯ ನೆರಿಗೆಗಳಿಂದ ಕಟ್ಟುತ್ತಾರೆ. ಕಂಕುಳು, ಮೊಣಕೈ, ಸೊಂಟ, ಮೊಣಕಾಲು, ಈ ಎಳೆತದ ಜಾಗಗಳಿಂದ ನೆರಿಗೆ ಹೊರಡುತ್ತದೆ, ದೇಹ ಯಾವ ಕಡೆ ಸೆಳೆಯುತ್ತಿದೆ ಎಂಬುದನ್ನು ಅದೇ ತೋರಿಸುತ್ತದೆ. ಸೂಪರ್‌ಹೀರೊ ಚಿತ್ರದ ಪದ್ಧತಿ ಇದಕ್ಕೆ ತದ್ವಿರುದ್ಧ: ಬೆತ್ತಲೆ ದೇಹದ ಸ್ನಾಯುಗಳನ್ನು ಬರೆದು ಮೇಲೆ ಬಣ್ಣ ಬಳಿದಂತೆ. ಅಲ್ಲಿ ನೆರಿಗೆಗೆ ಜಾಗವೇ ಇಲ್ಲ. ರಾಬಿನ್ಸ್ ಆ ಉಡುಪನ್ನೂ ನಿಜವಾದ ಬಟ್ಟೆ ಎಂದೇ ಬರೆದರು. ಕ್ಯಾಪ್ಟನ್ನನ ಎದೆಯ ಮೇಲೆ ಮೀನಿನ ಹುರುಪೆಯಂಥ ಕವಚ, ಹೊಟ್ಟೆಯ ಮೇಲೆ ಕೆಂಪು ಬಿಳಿ ಪಟ್ಟೆ. ಇವುಗಳ ಮೇಲೆ ಕುಂಚದ ದಪ್ಪ ನೆರಿಗೆ ಬಿದ್ದರೆ ಮೂರು ವಿನ್ಯಾಸಗಳು ಒಂದಕ್ಕೊಂದು ಗುದ್ದಾಡುತ್ತವೆ. ಸ್ನಾಯು ಹುಡುಕುವ ಕಣ್ಣಿಗೆ ಅದು ಜೋತುಬಿದ್ದ ಚರ್ಮದಂತೆ ಕಾಣುವುದು ಸಹಜ. ರಾಬಿನ್ಸ್‌ಗಿಂತ ಮುಂಚೆ ಆ ಕಾಮಿಕ್‌ಗೆ ವರ್ಷಗಟ್ಟಲೆ ಚಿತ್ರ ಬರೆದವರು ಸಾಲ್ ಬ್ಯುಸೆಮಾ. ಅವರ ಗಟ್ಟಿಮುಟ್ಟಾದ, ಸರಳ ದೇಹಗಳಿಗೆ ಓದುಗರು ಒಗ್ಗಿಹೋಗಿದ್ದರು. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಸೈ ಬ್ಯಾರಿಯ ನಯವಾದ ಫ್ಯಾಂಟಮ್ ನೋಡಿ ಬೆಳೆದ ನಮ್ಮವರ ಕಣ್ಣಿಗೂ ಈ ತೊಡಕು ಇದ್ದೇ ಇರುತ್ತದೆ.

ಬಣ್ಣದ್ದು ಇನ್ನೊಂದು ಕತೆ. ಆ ಕಾಲದ ಅಮೆರಿಕನ್ ಕಾಮಿಕ್‌ಗಳಲ್ಲಿ ನೀಲಿ, ಕೆಂಪು, ಹಳದಿ ಶಾಯಿಗಳು 25, 50, 100 ಶೇಕಡಾ ಹಂತಗಳಲ್ಲಿ ಬೆರೆತು, ಬಿಳಿಯೂ ಸೇರಿ ಒಟ್ಟು 64 ಛಾಯೆಗಳು ಬರುತ್ತಿದ್ದವು. ನೆರಳಿನಿಂದಲೇ ಆಕಾರ ಕಟ್ಟಿದ ಚಿತ್ರಕ್ಕೆ ಗಾಢ ಬಣ್ಣ ತುಂಬಿದರೆ ಬೆಳಕಿನ ಭಾಗ ಮುಚ್ಚಿಹೋಗುತ್ತದೆ, ಕಪ್ಪಿನ ಪಕ್ಕದಲ್ಲಿ ಉಸಿರಾಡಬೇಕಿದ್ದ ಬಿಳಿ ಇಲ್ಲವಾಗುತ್ತದೆ.

ಇಂಕರ್, ಅಂದರೆ ಪೆನ್ಸಿಲ್ ಚಿತ್ರದ ಮೇಲೆ ಶಾಯಿ ಹಾಕುವವರು, ಯಾರೆಂಬುದನ್ನು ತಪ್ಪದೆ ನೋಡಿ. ರಾಬಿನ್ಸ್ ಪೆನ್ಸಿಲ್ ಮಾತ್ರ ಹಾಕಿ ಬೇರೆಯವರು ಶಾಯಿ ಹಾಕಿದರೆ ಅರ್ಧ ರಾಬಿನ್ಸ್ ಕೈಬಿಟ್ಟಂತೆ, ಯಾಕೆಂದರೆ ಅವರ ಚಿತ್ರ ಪೂರ್ತಿಯಾಗುತ್ತಿದ್ದದ್ದೇ ಕುಂಚದಲ್ಲಿ. ರಾಬಿನ್ಸ್ ಪೆನ್ಸಿಲ್ ಹಾಕಿದ ಇನ್ನೊಂದು ಸೂಪರ್‌ಹೀರೊ ಸರಣಿ, 1975ರ ‘ಇನ್‌ವೇಡರ್ಸ್’ನ ಮೊದಲ ಸಂಚಿಕೆಗಳಿಗೆ ಶಾಯಿ ಹಾಕಿದ ವಿನ್ಸ್ ಕೊಲೆಟ್ಟಾ ಅವರದು ಸಣ್ಣ ನಿಬ್ಬಿನ ಗೆರೆ. ಒದ್ದೆ ಕುಂಚಕ್ಕಾಗಿ ಯೋಚಿಸಿದ ನೆರಳು ಅಲ್ಲಿ ಗೀಚಿದಂತಾಯಿತು, ತಿರುಚಿದ ಭಂಗಿ ಮಾತ್ರ ಉಳಿಯಿತು. ಮುಂದೆ ಆ ಸರಣಿಗೆ ಹೆಚ್ಚಾಗಿ ಶಾಯಿ ಹಾಕಿದ ಫ್ರಾಂಕ್ ಸ್ಪ್ರಿಂಗರ್ ಕಪ್ಪನ್ನು ಕಪ್ಪಾಗಿಯೇ ಬಿಟ್ಟರು. ವ್ಯತ್ಯಾಸ ಎರಡೇ ಪುಟದಲ್ಲಿ ಗೊತ್ತಾಗುತ್ತದೆ.

ಅವರ ಕುಂಚ ಏನೆಂದು ಕಾಣಬೇಕಾದರೆ 1974–75ರಲ್ಲಿ ಡಿಸಿ ಎಂಬ ಕಾಮಿಕ್ ಸಂಸ್ಥೆ ಪ್ರಕಟಿಸಿದ ‘ದ ಶ್ಯಾಡೋ’ದ 5, 7, 8, 9ನೇ ಸಂಚಿಕೆಗಳನ್ನು ಹುಡುಕಿ. ಶಾಯಿಯೂ ಅವರದೇ. ಕಾಲ 1930ರ ದಶಕ, ನಾಯಕನಿಗೆ ಅಗಲ ಅಂಚಿನ ಹ್ಯಾಟು ಮತ್ತು ಕಪ್ಪು ನಿಲುವಂಗಿ, ಖಳರಿಗೆ ಸೂಟು. ಮೈಗಿಂತ ಬಟ್ಟೆಯೇ ಹೆಚ್ಚು ಕಾಣುವ ಲೋಕ. ಆ ಸರಣಿಯನ್ನು ಶುರುಮಾಡಿದ ಮೈಕೆಲ್ ಕಲೂಟಾರ ಸೂಕ್ಷ್ಮ ಗೆರೆಗಳಿಗೆ ಮನಸೋತಿದ್ದ ಓದುಗರಲ್ಲಿ ಹಲವರಿಗೆ ಈ ಬದಲಾವಣೆ ಹಿಡಿಸಲಿಲ್ಲ. ಕಲೂಟಾ ನಿಜಕ್ಕೂ ಸುಂದರ. ಆದರೆ ಗುಂಡಿನ ಕಾಳಗ ಓಡಬೇಕಾದ ಕಡೆ ರಾಬಿನ್ಸ್ ಪುಟವೇ ಓಡುತ್ತದೆ.

ಕೈಯಲ್ಲಿ ಮಾಡಿ ನೋಡಿದರೆ ಇದೆಲ್ಲ ಬೇಗ ಅರ್ಥವಾಗುತ್ತದೆ. ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದ, 3ನೇ ನಂಬರಿನ ದುಂಡು ಬ್ರಷ್, ಇಂಡಿಯನ್ ಇಂಕ್ ಸಾಕು. ತುಂಬುತೋಳಿನ ಅಂಗಿ ತೊಟ್ಟವರೊಬ್ಬರನ್ನು ಕೈ ಎತ್ತಿ ನಿಲ್ಲಿಸಿ, ಒಂದೇ ಪಕ್ಕದಿಂದ ದೀಪ ಹಿಡಿಯಿರಿ. 2ಎಚ್ ಪೆನ್ಸಿಲಿನಲ್ಲಿ ತೀರ ತೆಳುವಾಗಿ ಗುರುತು ಹಾಕಿ. ಮೊದಲ ಶಾಯಿ ಬೀಳಬೇಕಾದದ್ದು ನೆರಳಿನ ಭಾಗಕ್ಕೆ, ಒಂದೇ ಒತ್ತಿನಲ್ಲಿ. ಬೆಳಕಿನ ಕಡೆಗೆ, ಗೆರೆ ಇಲ್ಲದಿದ್ದರೆ ಅರ್ಥವಾಗದು ಎನ್ನುವಲ್ಲಿ ಮಾತ್ರ ಗೆರೆ ಎಳೆಯಿರಿ. ಎಲ್ಲರೂ ಮಾಡುವ ತಪ್ಪು, ಸುತ್ತಲೂ ಹೊರಗೆರೆ ಎಳೆದು ಆಮೇಲೆ ಕಪ್ಪು ತುಂಬುವುದು. ಆಗ ನೆರಳು ಬಟ್ಟೆಯ ಮೇಲೆ ಬಿದ್ದ ಕಲೆಯಂತೆ ಕಾಣುತ್ತದೆ. ಹೆದರಿ ಬ್ರಷ್ಷನ್ನು ಒಣಗಿಸಿಕೊಂಡರೆ ಗೆರೆ ಸೀಳುತ್ತದೆ. ನೆರಿಗೆಗಳನ್ನು ಅಂದಕ್ಕೆಂದು ಎಲ್ಲೆಂದರಲ್ಲಿ ಹಾಕಿದರೆ ತೋಳು ಮೂಟೆಯಾಗುತ್ತದೆ. ರಾಬಿನ್ಸ್ ಗೆರೆಗಳು ಒರಟಾಗಿ ಕಂಡರೂ ಪ್ರತಿಯೊಂದೂ ಎಳೆತದ ಜಾಗದಿಂದಲೇ ಹೊರಟಿರುವುದು ಆಮೇಲೆ ಅವರ ಪುಟಕ್ಕೆ ಹಿಂತಿರುಗಿದಾಗ ಕಣ್ಣಿಗೆ ಬೀಳುತ್ತದೆ.

ದೋಷವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೂತು ಮಾತಾಡುವ ದೃಶ್ಯಕ್ಕೂ ಅವರು ಅಷ್ಟೇ ಬಿಗಿ ತುಂಬುತ್ತಿದ್ದರು. ಇಡೀ ಸಂಚಿಕೆಯಲ್ಲಿ ಕಣ್ಣಿಗೆ ಬಿಡುವಿಲ್ಲ. ಮೂರು ಚೌಕದ ಸ್ಟ್ರಿಪ್ಪಿನಲ್ಲಿ ಅದು ಚುರುಕು ಎನಿಸಿದರೆ, ಪುಸ್ತಕದುದ್ದಕ್ಕೂ ದಣಿವು. ಮುಖಗಳೂ ಒಂದನ್ನೊಂದು ಹೋಲುತ್ತವೆ, ಹ್ಯಾಟು ಮೀಸೆ ತೆಗೆದರೆ ಯಾರೆಂದು ತಿಳಿಯದು. ನಿಮಗೆ ಹಿಡಿಸದಿದ್ದರೆ ನಿಮ್ಮ ಕಣ್ಣಿನ ತಪ್ಪಲ್ಲ.

ಆದರೆ ‘ಕ್ಯಾಪ್ಟನ್ ಅಮೆರಿಕ’ದಿಂದ ಶುರುಮಾಡಿದ್ದು ತಲೆಕೆಳಗಾದ ಕ್ರಮ. ಮೊದಲು ಹರ್ಮಿಸ್ ಪ್ರೆಸ್ ಮರುಮುದ್ರಿಸಿರುವ ‘ಜಾನಿ ಹಜಾರ್ಡ್’ ದೈನಿಕಗಳನ್ನು, ದಿನಕ್ಕೆ ಹತ್ತು ಹನ್ನೆರಡು ಸ್ಟ್ರಿಪ್ಪಿನಂತೆ, ನಿಧಾನವಾಗಿ ಓದಿ. ನಂತರ ಬ್ಯಾಟ್‌ಮನ್ ಕತೆಗಳು ಬರುವ ‘ಡಿಟೆಕ್ಟಿವ್ ಕಾಮಿಕ್ಸ್’ನ 1971ರ 416ನೇ ಸಂಚಿಕೆ. ಅದರಲ್ಲಿ ಮ್ಯಾನ್-ಬ್ಯಾಟ್ ಎಂಬ ಬಾವಲಿ ಮನುಷ್ಯನ ಪಾತ್ರವಿದೆ. ಆ ಪಾತ್ರದ ಮೊದಲ ಕತೆಯನ್ನು ಹಿಂದಿನ ವರ್ಷ 400ನೇ ಸಂಚಿಕೆಗೆ ಬರೆದವರೂ ರಾಬಿನ್ಸೇ, ಆಗ ಚಿತ್ರ ನೀಲ್ ಆಡಮ್ಸ್‌ ಅವರದು. ಒಂದೇ ಪಾತ್ರ ಇಬ್ಬರ ಕೈಯಲ್ಲಿ ಹೇಗೆ ಬೇರೆಯಾಯಿತು ಎಂದು ಪಕ್ಕಪಕ್ಕ ಇಟ್ಟು ನೋಡಬಹುದು. ಆಮೇಲೆ ‘ದ ಶ್ಯಾಡೋ’, ಅದಾದ ಮೇಲೆ ಸ್ಪ್ರಿಂಗರ್ ಶಾಯಿಯ ‘ಇನ್‌ವೇಡರ್ಸ್’. ಅಲ್ಲಿ ಎರಡನೇ ಮಹಾಯುದ್ಧದ ವಿಮಾನಗಳು, ಸಮವಸ್ತ್ರಗಳು ಅವರಿಗೆ ಮನೆಯಂಗಳ. ನೀವು ನೋಡಿದ ‘ಕ್ಯಾಪ್ಟನ್ ಅಮೆರಿಕ’ ಸಂಚಿಕೆಗಳನ್ನು ಕೊನೆಗೆ ಇನ್ನೊಮ್ಮೆ ತೆಗೆಯಿರಿ, ಮೊದಲ ಸಲಕ್ಕೆ ಕಪ್ಪು ಬಿಳುಪಿನಲ್ಲೇ.