ಅಧ್ಯಯನ ಟಿಪ್ಪಣಿ: ಕುಂಡದಲ್ಲಿ ಆಲೂಗೆಡ್ಡೆ

ಅಡುಗೆಮನೆಯ ಬುಟ್ಟಿಯಿಂದ ಒಂದು ಆಲೂಗೆಡ್ಡೆ ಎತ್ತಿಕೊಂಡು ಬೆಳಕಿನಲ್ಲಿ ತಿರುಗಿಸಿ ನೋಡಿ. ಒಂದು ತುದಿಯಲ್ಲಿ ಸಣ್ಣ ಗುಳಿ ಇರುತ್ತದೆ, ಕೆಲವೊಮ್ಮೆ ಒಣಗಿದ ತೊಟ್ಟಿನ ಚೂರೂ ಇರುತ್ತದೆ. ತಾಯಿಗಿಡಕ್ಕೆ ಅಂಟಿಕೊಂಡಿದ್ದ ಜಾಗ ಅದು. ಇನ್ನೊಂದು ತುದಿಯಲ್ಲಿ ಕಣ್ಣುಗಳು ಒತ್ತೊತ್ತಾಗಿವೆ. ಪ್ರತಿ ಕಣ್ಣಿನ ಪಕ್ಕ ಹುಬ್ಬಿನ ಹಾಗೆ ಒಂದು ಗೆರೆ ಇದೆ, ಅದು ಎಲೆಯ ಗುರುತು. ಕೊಂಬೆಯ ಮೇಲೆ ಎಲೆ ಬರುವ ಕ್ರಮದಲ್ಲೇ ಕಣ್ಣುಗಳು ಸುರುಳಿಯಾಗಿ ಸಾಗುತ್ತವೆ. ಅಂದರೆ ಇದು ಬೇರಲ್ಲ, ಕಾಂಡ. ಕ್ಯಾರೆಟ್, ಗೆಣಸು ಬೇರಿನ ಜಾತಿ. ಆಲೂಗೆಡ್ಡೆ, ಶುಂಠಿ ಕಾಂಡದ ಜಾತಿ. ಕುಂಡದಲ್ಲಿ ಆಲೂ ಬೆಳೆಯುವಾಗ ಮಾಡುವ ಮುಕ್ಕಾಲು ಪಾಲು ಕೆಲಸಕ್ಕೆ ಇದೇ ಕಾರಣ.

ಗೆಡ್ಡೆ ಹುಟ್ಟುವ ಬಗೆ ಹೀಗಿದೆ. ಮಣ್ಣಿನೊಳಗಿರುವ ಕಾಂಡದ ಗಿಣ್ಣುಗಳಿಂದ ಬಿಳಿ ದಾರದಂಥ ಬಳ್ಳಿಗಳು ಅಡ್ಡಕ್ಕೆ ಹೊರಡುತ್ತವೆ. ಇವಕ್ಕೆ ಸ್ಟೋಲನ್ ಅನ್ನುತ್ತಾರೆ. ಕತ್ತಲಿದ್ದರೆ, ತಂಪಿದ್ದರೆ, ಅವುಗಳ ತುದಿ ಊದಿಕೊಂಡು ಗೆಡ್ಡೆಯಾಗುತ್ತದೆ. ಬೆಳಕು ಸಿಕ್ಕಿತೋ, ಅದೇ ಬಳ್ಳಿ ಎಲೆ ಬಿಟ್ಟುಕೊಂಡು ಮೇಲೆದ್ದು ಗಿಡವಾಗುತ್ತದೆ. ಆಗಲೇ ಊದಿದ ಗೆಡ್ಡೆಗೆ ಬೆಳಕು ಬಿದ್ದರೆ ಹಸಿರಾಗುತ್ತದೆ. ಹಸಿರು ಬಣ್ಣ ಬರೀ ಪತ್ರಹರಿತ್ತು, ಅದರಿಂದ ತೊಂದರೆ ಇಲ್ಲ. ಆದರೆ ಅದರ ಜೊತೆಗೇ ಸೊಲನಿನ್ ಅನ್ನುವ ಕಹಿ ವಿಷವೂ ಜಾಸ್ತಿಯಾಗಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಗಿಡ ಎತ್ತರವಾದ ಹಾಗೆ ಬುಡಕ್ಕೆ ಮಣ್ಣು ಏರಿಸಿ ಅನ್ನುವುದು ಇದಕ್ಕೇ.

ಮಣ್ಣು ಏರಿಸುವ ವಿಷಯದಲ್ಲಿ ಒಂದು ತಪ್ಪು ನಂಬಿಕೆ ತುಂಬ ಹರಡಿದೆ. ಡ್ರಮ್ಮಿನಲ್ಲೋ ಟಯರು ಪೇರಿಸಿಯೋ ನಾಲ್ಕು ಅಡಿ ಮಣ್ಣು ಏರಿಸುತ್ತಾ ಹೋದರೆ ಮೇಲಿಂದ ಕೆಳಗಿನವರೆಗೂ ಗೆಡ್ಡೆ ತುಂಬುತ್ತದೆ ಅಂತ. ನಮಗೆ ಸಿಗುವ ಬಹುತೇಕ ತಳಿಗಳಲ್ಲಿ ಹಾಗಾಗುವುದಿಲ್ಲ. ಗಿಡ ಸ್ಟೋಲನ್ ಬಿಡುವುದು ಮೊದಮೊದಲು, ಬಿತ್ತನೆ ಗೆಡ್ಡೆಯ ಸ್ವಲ್ಪ ಮೇಲಿನ ಕೆಲವೇ ಗಿಣ್ಣುಗಳಿಂದ. ಆಮೇಲೆ ಎಷ್ಟು ಮಣ್ಣು ಹಾಕಿದರೂ ಅಲ್ಲಿ ಬರೀ ಕಾಂಡ ಇರುತ್ತದೆ, ಅಷ್ಟೇ. ಎತ್ತರಕ್ಕಿಂತ ಅಗಲ ಮುಖ್ಯ. 15 ಇಂಚು ಅಗಲ, 15 ಇಂಚು ಎತ್ತರದ ಗ್ರೋ ಬ್ಯಾಗು, ಅಂದರೆ ಕುಂಡದ ಬದಲು ಬಳಸುವ ಗಿಡ ಬೆಳೆಸುವ ಚೀಲ, ಎರಡು ಗಿಡಕ್ಕೆ ಸಾಕು. ಮೂರು ಹಾಕಬೇಡಿ. ಒಂದು ಗಿಡಕ್ಕೆ ಅರ್ಧ ಕೆಜಿ ಬಂದರೆ ಒಳ್ಳೆಯ ಬೆಳೆ ಅಂತಲೇ ಲೆಕ್ಕ.

ಬ್ಯಾಗಿನ ತಳದಲ್ಲಿ ಐದಾರು ಇಂಚು ಮಿಶ್ರಣ ಹಾಕಿ, ಗೆಡ್ಡೆ ಇಟ್ಟು, ಮೇಲೆ ಮೂರು ನಾಲ್ಕು ಇಂಚು ಮುಚ್ಚಿ. ಸಸಿ ಆರೇಳು ಇಂಚು ಎದ್ದಾಗ ತುದಿಯ ಎಲೆಗಳಷ್ಟೇ ಕಾಣುವ ಹಾಗೆ ಮಣ್ಣು ಏರಿಸಿ. ಇನ್ನೊಮ್ಮೆ ಹೀಗೆ ಮಾಡಿದರೆ ಬ್ಯಾಗು ತುಂಬುತ್ತದೆ. ಮಿಶ್ರಣಕ್ಕೆ ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಮಸಮ ಸಾಕು. ಎರಡು ಎಚ್ಚರ ಇವೆ. ಹಸಿ ಸಗಣಿ, ಯೂರಿಯಾ ಬೇಡ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗುತ್ತದೆ, ಗೆಡ್ಡೆ ನಿಧಾನವಾಗುತ್ತದೆ. ಬೂದಿಯನ್ನೂ ಧಾರಾಳವಾಗಿ ಸುರಿಯಬೇಡಿ. ಅದರಲ್ಲಿ ಪೊಟ್ಯಾಶ್ ಇದೆ ನಿಜ, ಆದರೆ ಅದು ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಸಿಪ್ಪೆಯ ಮೇಲೆ ಒರಟು ಕಜ್ಜಿ ಎಬ್ಬಿಸುವ ಸ್ಕ್ಯಾಬ್ ರೋಗಕ್ಕೆ ಅಂಥ ಮಣ್ಣೇ ಇಷ್ಟ.

ಈಗ ಬಿಸಿಲಿನ ಮಾತು. ನನ್ನ ಪ್ರಕಾರ ಕಲಿಯುವವರು ಅತಿ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಗೆಡ್ಡೆ ಊದಲು ಮಣ್ಣು 15ರಿಂದ 20 ಡಿಗ್ರಿ ಇದ್ದರೆ ಚೆಂದ. ಮಣ್ಣು 30 ಡಿಗ್ರಿ ದಾಟಿದರೆ ಊದುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ರಾತ್ರಿ ಸೆಖೆಯಿದ್ದರೂ ನಷ್ಟವೇ, ಹಗಲು ಎಲೆ ಮಾಡಿಟ್ಟ ಸಕ್ಕರೆಯನ್ನು ಗಿಡ ಉಸಿರಾಟಕ್ಕೇ ಖರ್ಚು ಮಾಡಿಬಿಡುತ್ತದೆ. ಹೊಲದಲ್ಲಿ ಆಳದ ಮಣ್ಣು ತಂಪಾಗಿರುತ್ತದೆ. ತಾರಸಿಯ ಕಪ್ಪು ಬ್ಯಾಗು ಸುತ್ತಲಿಂದಲೂ ಕಾಯುತ್ತದೆ, ಅಲ್ವಾ? ಬಿಳಿ ಬ್ಯಾಗು ತನ್ನಿ, ಇಲ್ಲವೇ ಪಕ್ಕಕ್ಕೆ ಗೋಣಿತಾಟು ಸುತ್ತಿ. ಬ್ಯಾಗುಗಳನ್ನು ಒಂದಕ್ಕೊಂದು ಒತ್ತಿ ಇಡಿ. ಮೇಲೆ ಒಣ ಎಲೆ ಹೊದಿಸಿ.

ಬೆಂಗಳೂರು, ಮೈಸೂರು ಕಡೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ ಬಿತ್ತಿ. ಗೆಡ್ಡೆ ಊದುವ ಹೊತ್ತಿಗೆ ಡಿಸೆಂಬರ್, ಜನವರಿಯ ಚಳಿ ಸಿಗುತ್ತದೆ. ಹಾಸನದ ರೈತರು ಮುಂಗಾರಿಗೆ ಬಿತ್ತುತ್ತಾರಲ್ಲ ಅಂತ ಕೇಳಬಹುದು. ಅಲ್ಲಿ ಮೋಡ, ಮಳೆ ಮಣ್ಣನ್ನು ತಂಪಾಗಿಡುತ್ತವೆ, ಆದರೆ ಅದೇ ತೇವಕ್ಕೆ ಅಂಗಮಾರಿ ರೋಗ ಬಂದು ಹೊಲಕ್ಕೆ ಹೊಲವೇ ಕಪ್ಪಾಗುವುದೂ ಉಂಟು. ಮಂಗಳೂರು, ಉಡುಪಿಯವರಿಗೆ ಚಳಿಗಾಲದ ರಾತ್ರಿಯೂ ಬೆಚ್ಚಗೇ ಇರುತ್ತದೆ. ಅವರು ಗೆಣಸು ಹಾಕುವುದೇ ಜಾಣತನ.

ಬಿತ್ತನೆಗೆ ಮೊಟ್ಟೆ ಗಾತ್ರದ ಇಡೀ ಗೆಡ್ಡೆ ಒಳ್ಳೆಯದು. ಅಂಗಡಿಯ ಆಲೂ ಕೆಲವು ಸಲ ಮೊಳೆಯುವುದೇ ಇಲ್ಲ. ಕಿತ್ತ ಮೇಲೆ ಎರಡು ಮೂರು ತಿಂಗಳು ಅದಕ್ಕೆ ನಿದ್ದೆಯ ಕಾಲ. ಶೀತಲಗೃಹದಲ್ಲಿ ಮೊಳಕೆ ತಡೆಯುವ ಔಷಧಿ ಹಾಕಿರುವ ಸಾಧ್ಯತೆಯೂ ಇದೆ. ಕುಫ್ರಿ ಜ್ಯೋತಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ತಳಿ. ಕುಫ್ರಿ ಸೂರ್ಯ ಸಿಕ್ಕರೆ ಬಿಡಬೇಡಿ, ಅದನ್ನು ಬಿಸಿಲು ತಡೆಯಲೆಂದೇ ರೂಪಿಸಿದ್ದಾರೆ. ಎರಡೂ ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳು. ಗೆಡ್ಡೆಗಳನ್ನು ನೇರ ಬಿಸಿಲು ಬೀಳದ ಬೆಳಕಿನಲ್ಲಿ, ಕಣ್ಣು ಹೆಚ್ಚಿರುವ ತುದಿ ಮೇಲೆ ಬರುವ ಹಾಗೆ ಮೊಟ್ಟೆ ಟ್ರೇನಲ್ಲಿ ಎರಡು ವಾರ ಇಡಿ. ಮೊಳಕೆ ಗಿಡ್ಡವಾಗಿ, ದಪ್ಪಗೆ, ಬಣ್ಣ ತುಂಬಿಕೊಂಡು ಬರುತ್ತದೆ. ಕತ್ತಲಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ಮುಟ್ಟಿದರೆ ಮುರಿಯುತ್ತದೆ.

ನೀರು ಒಂದೇ ಸಮ ಕೊಡಿ. ನಾಲ್ಕು ದಿನ ಒಣಗಿಸಿ ಐದನೇ ದಿನ ಸುರಿದರೆ ಗೆಡ್ಡೆ ಸೀಳುತ್ತದೆ, ಒಳಗೆ ಟೊಳ್ಳಾಗುತ್ತದೆ. ಹೂ ಬರದಿದ್ದರೆ ಚಿಂತೆ ಬೇಡ, ಹೂವಿಲ್ಲದೆಯೂ ಗೆಡ್ಡೆ ಆಗುತ್ತದೆ. ಟೊಮೆಟೊ ತರಹದ ಹಸಿರು ಕಾಯಿ ಬಂದರೆ ಮಕ್ಕಳ ಕೈಗೆ ಸಿಗದಂತೆ ಕಿತ್ತುಬಿಡಿ, ಅದು ವಿಷ.

ಸುಮಾರು ಮೂರು ತಿಂಗಳಿಗೆ ಎಲೆ ಹಳದಿಯಾಗುತ್ತದೆ. ಆಗ ನೀರು ನಿಲ್ಲಿಸಿ, ಹತ್ತು ದಿನ ಸುಮ್ನೆ ಬಿಡಿ. ಒಂದು ಗೆಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸಿಪ್ಪೆ ಏಳದಿದ್ದರೆ ಬ್ಯಾಗನ್ನು ಚೀಲದ ಮೇಲೆ ಬೋರಲು ಹಾಕಬಹುದು. ತೊಳೆಯದೆ ನೆರಳಲ್ಲಿ ಆರಿಸಿ, ಗಾಳಿಯಾಡುವ ಕತ್ತಲ ಜಾಗದಲ್ಲಿ ಇಡಿ. ಆ ಮಣ್ಣಿಗೆ ಮುಂದಿನ ಬೆಳೆಯಾಗಿ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಎಲ್ಲವೂ ಒಂದೇ ಕುಟುಂಬದವು, ಸೊರಗು ರೋಗ ಮಣ್ಣಿನಲ್ಲಿ ಉಳಿದು ದಾಟುತ್ತದೆ. ಬೀನ್ಸ್ ಅಥವಾ ದಂಟಿನ ಸೊಪ್ಪು ಹಾಕಿ.