ನದಿಗೆ ಕಾಲಿಡದ ಸೇತುವೆ

ಹೌರಾ ರೈಲು ನಿಲ್ದಾಣದಿಂದ ಹೊರಬಿದ್ದರೆ ಕಣ್ತುಂಬ ಉಕ್ಕು, ಅದೇ ಹೌರಾ ಸೇತುವೆ. ಆಚೆ ದಡದಲ್ಲಿ ಕೋಲ್ಕತ್ತದ ಬಡಾ ಬಜಾರ್. ತಲೆ ಮೇಲೆ ಮೂಟೆ ಹೊತ್ತವರು ಓಡುನಡಿಗೆಯಲ್ಲೇ ದಾಟುತ್ತಾರೆ. ಸ್ವಲ್ಪ ಬಗ್ಗಿ ಕೆಳಗೆ ನೋಡಿ: ಹೂಗ್ಲಿಯ ನೀರಲ್ಲಿ ಒಂದೇ ಒಂದು ಕಂಬವಿಲ್ಲ.

1874ರಲ್ಲಿ ಇಲ್ಲಿ ತೇಲುಸೇತುವೆ ಇತ್ತು. ಸಾಲಾಗಿ ನಿಲ್ಲಿಸಿದ ದೋಣಿಯಂಥ ತೇಲುಗಳ ಮೇಲೆ ದಾರಿ. ಹಡಗು ಬಂತೆಂದರೆ ನಡುವಿನ 200 ಅಡಿ ಬಿಚ್ಚಬೇಕು. ಅಲ್ಲಿಯತನಕ ಎರಡೂ ದಡದ ಗಾಡಿಗಳು ನಿಂತಲ್ಲೇ. ಕಾಯಂ ಸೇತುವೆ ಕಟ್ಟೋಣವೆಂದರೆ ಇನ್ನೊಂದು ಭಯ. ನದಿಯಲ್ಲಿ ಕಂಬ ನೆಟ್ಟರೆ ಹರಿವು ಕೆಟ್ಟು ಹೂಳು ತುಂಬೀತು, ಬಂದರಿಗೇ ಕುತ್ತು.

ಎಂಜಿನಿಯರುಗಳು ಹಿಡಿದದ್ದು ನಮ್ಮ ಹೊಲದ ಯಾತದ ದಾರಿ. ಗೂಟದ ಆಚೆ ಭಾರ ತೂಗಬೇಕಾದರೆ ಈಚೆ ತುದಿಯನ್ನು ಯಾರಾದರೂ ಅದುಮಬೇಕಲ್ಲ? ಇಲ್ಲಿ ದಡದ ಗೋಪುರವೇ ಗೂಟ. ನೆಲದ ಕಡೆಗಿನ 325 ಅಡಿ ತೋಳನ್ನು ಮೇಲೇಳದಂತೆ ಬಿಗಿದು, ನದಿಯ ಕಡೆ 468 ಅಡಿ ತೋಳು ಚಾಚಿದರು. ಎದುರು ದಡದಿಂದಲೂ ಹಾಗೇ. ನಡುವೆ ಉಳಿದ 564 ಅಡಿಯ ತುಂಡು ಈ ಎರಡು ತೋಳುಗಳ ತುದಿಗೆ ತೂಗಿಕೊಂಡಿದೆ. ಲೆಕ್ಕ ಹಾಕಿ, ಗೋಪುರದಿಂದ ಗೋಪುರಕ್ಕೆ ಸರಿಯಾಗಿ 1,500 ಅಡಿ. ನಾವು ನಡೆಯುವ ರಸ್ತೆಯೂ ಹಾಗೇ ತೂಗುವಂಥದ್ದು, ಮೇಲಿನ ಉಕ್ಕಿನ ಹಂದರದಿಂದ ಇಳಿಬಿಟ್ಟದ್ದು.

ಜೋಡಣೆಗೆ ನಟ್ಟು ಬೋಲ್ಟು ಬಳಸಲಿಲ್ಲ, ಎಲ್ಲವೂ ರಿವೆಟ್, ಅಂದರೆ ತಲೆಯುಳ್ಳ ಗಟ್ಟಿ ಮೊಳೆ. ಕೆಂಪಗೆ ಕಾಯಿಸಿದ ರಿವೆಟನ್ನು ತೂತಿಗೆ ತುರುಕಿ ಬಾಯಿ ಬಡಿದರೆ, ಆರುತ್ತ ಕುಗ್ಗಿ ತಗಡುಗಳನ್ನು ತಾನೇ ಬಿಗಿದುಕೊಳ್ಳುತ್ತದೆ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಇಂಗ್ಲೆಂಡಿನ ಉಕ್ಕು ಅತ್ತ ಹೋಯಿತು. 26,500 ಟನ್ನಿನಲ್ಲಿ 23,000 ಟನ್ ಒದಗಿಸಿದ್ದು ಟಾಟಾ ಕಾರ್ಖಾನೆ. 1943ರ ಫೆಬ್ರವರಿಯಲ್ಲಿ, ಜಪಾನಿನ ಬಾಂಬಿನ ಭಯಕ್ಕೆ, ಸದ್ದುಗದ್ದಲವಿಲ್ಲದೆ ತೆರೆದುಬಿಟ್ಟರು. 1965ರಲ್ಲಿ ‘ರವೀಂದ್ರ ಸೇತು’ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಹೌರಾ ಬ್ರಿಜ್ಜೇ.

ಇಷ್ಟು ಭಾರ ಹೊರುವ ಉಕ್ಕನ್ನು ಸವೆಸಿದ್ದು ಯಾವುದು ಗೊತ್ತೆ? ಎಲೆಯಡಿಕೆಯ ಉಗುಳು! ರಸ್ತೆಯನ್ನು ಮೇಲಿನಿಂದ ಹಿಡಿದಿರುವ ತೂಗುಕಂಬಗಳ ಬುಡ ಕಾಯುವ ಉಕ್ಕಿನ ಕವಚ 6 ಮಿಲಿಮೀಟರ್ ದಪ್ಪವಿದ್ದದ್ದು ಕೆಲವೇ ವರ್ಷಗಳಲ್ಲಿ 3ಕ್ಕೆ ಇಳಿದಿದೆಯೆಂದು 2011ರ ತಪಾಸಣೆ ಹೇಳಿತು. ಅಡಿಕೆ ಬೆಳೆಯುವ ನಾಡಿನವರಾದ ನಾವು ಇದಕ್ಕೆ ನಗುವ ಹಾಗಿಲ್ಲ. ಹಕ್ಕಿಗಳ ಹಿಕ್ಕೆಯದೂ ಒಂದು ಪಾಲಿದೆ ಅನ್ನಿ. ಕೊನೆಗೆ ಬುಡಗಳಿಗೆ ಫೈಬರ್‌ಗ್ಲಾಸ್ ತೊಡಿಸಿದರು. ಉಗಿಯುವುದು ನಿಲ್ಲದಿದ್ದರೂ ತೊಳೆದರೆ ಹೋಗುತ್ತದೆ.