ಬಾಯಿಹುಣ್ಣೆಲ್ಲ ಉಷ್ಣವಲ್ಲ

ಬಾಯಲ್ಲಿ ಹುಣ್ಣಾದರೆ ನಮ್ಮವರಿಗೆ ಕಾರಣ ಒಂದೇ: ಉಷ್ಣ. ಬೇಸಿಗೆಯಲ್ಲಿ ನನ್ನ ಕ್ಲಿನಿಕ್‌ಗೆ ಬಂದ ಯುವಕನೊಬ್ಬ ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ತೀರ್ಮಾನಿಸಿಬಿಟ್ಟಿದ್ದ. ತುಟಿಯ ಮೇಲೆ ಹುಣ್ಣೆದ್ದಿತ್ತಂತೆ. ಎಳನೀರು ಕುಡಿದನಂತೆ, ಅಜ್ಜಿ ಬೆಣ್ಣೆ ಸವರಿದರಂತೆ, ಔಷಧದ ಅಂಗಡಿಯವನು ಬಿ ಕಾಂಪ್ಲೆಕ್ಸ್ ಕೊಟ್ಟನಂತೆ. ತಿಂಗಳೊಳಗೆ ಮಾಯಿತು. ಈಗ ಬಂದದ್ದು ಅಂಗೈಯಲ್ಲಿ ಎದ್ದ ತಾಮ್ರಬಣ್ಣದ ಮಚ್ಚೆಗಳಿಗಾಗಿ. ತುರಿಕೆಯಿಲ್ಲ. "ಸಿಮೆಂಟಿನ ಅಲರ್ಜಿ ಇರಬೇಕು ಸರ್" ಎಂದ. ಚಪ್ಪಲಿ ಬಿಚ್ಚಪ್ಪ ಎಂದೆ. ಅಂಗಾಲಿನಲ್ಲೂ ಇದ್ದವು.

"ಲೈಂಗಿಕ ಸಂಪರ್ಕ ಆಗಿತ್ತೇ?"

"ಛೇ, ಇಲ್ಲ ಸರ್."

ಇಂಥವರು ಸುಳ್ಳು ಹೇಳುವುದಿಲ್ಲ. ಬಾಯಿಯಿಂದ ನಡೆದದ್ದು ಅವರ ಲೆಕ್ಕದಲ್ಲಿ ಸಂಪರ್ಕವೇ ಅಲ್ಲ, ಅಷ್ಟೇ. ಹಾಗಾಗಿ ಈಚೆಗೆ ನಾನು ಬಿಡಿಸಿಯೇ ಕೇಳುತ್ತೇನೆ. ಕಿವಿ ಕೆಂಪಾಗುತ್ತದೆ, ಉತ್ತರವೂ ಸಿಗುತ್ತದೆ. ರಕ್ತಪರೀಕ್ಷೆ ಪಾಸಿಟಿವ್ ಬಂತು. ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ರೋಗ.

ಮಾಮೂಲಿ ಬಾಯಿಹುಣ್ಣು ಉರಿಯುತ್ತದೆ, ಸಾರು ತಾಗಿದರೆ ಜೀವ ಹೋಗುತ್ತದೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಅಂಚು ಗಟ್ಟಿಯಾಗಿರುತ್ತದೆ. ರೋಗಾಣು ಹೊಕ್ಕ ಜಾಗದಲ್ಲೇ ಅದು ಸುಮಾರು 3 ವಾರಕ್ಕೆ ಏಳುತ್ತದೆ, ತುಟಿಯಲ್ಲಿ ಹೊಕ್ಕರೆ ತುಟಿಯಲ್ಲೇ. ಮುಂದಿನ 3ರಿಂದ 6 ವಾರಗಳಲ್ಲಿ, ಬೆಣ್ಣೆ ಸವರಿದರೂ ಸರಿ, ಸವರದಿದ್ದರೂ ಸರಿ, ತಾನಾಗಿ ಮಾಯುತ್ತದೆ. ಎಡವಟ್ಟಾಗುವುದು ಇಲ್ಲೇ. ಹುಣ್ಣು ಮಾಯುವ ಹೊತ್ತಿಗೆ ರೋಗಾಣು ರಕ್ತ ಸೇರಿರುತ್ತದೆ. ಬೆಣ್ಣೆಯಿಂದ ವಾಸಿಯಾಯಿತೆಂದು ಅಜ್ಜಿ ಊರಿಗೆಲ್ಲ ಹೇಳುತ್ತಿರುತ್ತಾರೆ, ಅವರ ಮೇಲೆ ನನಗೆ ಕೋಪವಿಲ್ಲ. ಹುಣ್ಣನ್ನು ನೋಡದೆಯೇ ಮಾತ್ರೆ ಕೊಡುವವರ ಮೇಲಿದೆ.

ನೋಯದ ಹುಣ್ಣೆಲ್ಲ ಸಿಫಿಲಿಸ್ ಎಂದಲ್ಲ. ಗುಟ್ಕಾ ಜಗಿಯುವವರಲ್ಲಿ ಅದು ಕ್ಯಾನ್ಸರೂ ಆಗಿರಬಹುದು. ಕಣ್ಣಾರೆ ನೋಡದೆ ಹೇಳಲಾರೆ. ಹುಣ್ಣು ಹೊಸದಿದ್ದಾಗ ರಕ್ತಪರೀಕ್ಷೆ ನೆಗೆಟಿವ್ ಬರುವುದೂ ಉಂಟು, ಅನುಮಾನವಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಹೀಗೇ ಹರಡುವ ಇನ್ನೊಂದು ರೋಗ, ಗಂಟಲಿನ ಗೊನೊರಿಯಾ, ಇನ್ನೂ ಕಳ್ಳ. ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, ಮೂತ್ರಪರೀಕ್ಷೆಗೆ ಸಿಗುವುದಿಲ್ಲ. ಗಂಟಲಿನಿಂದಲೇ ಸ್ವಾಬ್ ತೆಗೆಯಬೇಕು. ದುಡ್ಡಿನ ಚಿಂತೆ ಇರುವವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆಂದೇ ಸುರಕ್ಷಾ ಕ್ಲಿನಿಕ್‌ಗಳಿವೆ, ಅಲ್ಲಿ ಚಿಕಿತ್ಸೆ ಉಚಿತ.

ಇವನಿಗೆ ಅಲರ್ಜಿ ಇದೆಯೇ ಎಂದು ಪರೀಕ್ಷಾ ಡೋಸ್ ಕೊಟ್ಟು ನೋಡಿ, 24 ಲಕ್ಷ ಯೂನಿಟ್ ಪೆನಿಸಿಲಿನ್ ಅನ್ನು ಸೊಂಟದ ಎರಡೂ ಬದಿಗೆ ಹಂಚಿ ಚುಚ್ಚಿಸಿದ್ದಾಯಿತು. ಆರಂಭದ ಹಂತದಲ್ಲಿ ಒಂದು ಸಲಕ್ಕೆ ಸಾಕು. ಸೂಜಿ ಕಂಡು ಬೆವತ. ಸಂಪರ್ಕವಾಗಿದ್ದ ಆ ಹುಡುಗಿಯನ್ನೂ ಕರೆದುಕೊಂಡು ಬಾ ಎಂದೆ.

"ಅವಳಿಗೇನೂ ಆಗಿಲ್ಲ ಸರ್. ಆಗ ಕೆಳಗೆ ಒಂದು ಗುಳ್ಳೆ ಎದ್ದಿತ್ತು, ನೋವೂ ಇರಲಿಲ್ಲ. ಉಷ್ಣಕ್ಕೆ."